ಎಕ್ಸಾಮ್‌ಗೆ ಬಾರದ ಪ್ರಶ್ನೆ

ಕಳೆದ ವರ್ಷ ಗುರುತ್ವಾಕರ್ಷಣೆಯ ಪಾಠ ಮುಗಿದ ದಿನ, ಝುಹರ್ ನಮಾಝ್‌ನ ವಿರಾಮದಲ್ಲಿ ಗೆಳೆಯ ಕೇಳಿದ: "ಉಪಗ್ರಹದ ವೇಗದ ಸೂತ್ರದಲ್ಲಿ ಭೂಮಿಯ ದ್ರವ್ಯರಾಶಿ ಇದೆ, ದೂರ ಇದೆ. ಭೂಮಿ ತಿರುಗುತ್ತದಲ್ಲ, ಅದು ಎಲ್ಲಿದೆ?"

"ಎಕ್ಸಾಮ್‌ಗೆ ಬರಲ್ಲ, ಬಿಡೋ" ಎಂದೆ. ಅವನು ಮತ್ತೆ ಅಂಥ ಪ್ರಶ್ನೆ ಕೇಳಲಿಲ್ಲ.

ಈ ರಜೆಯಲ್ಲಿ ಕಪ್ಪುರಂಧ್ರಗಳ ಬಗ್ಗೆ ಓದುವಾಗ ಅದೇ ಪ್ರಶ್ನೆ ನನಗೆ ಎದುರಾಯಿತು. ನ್ಯೂಟನ್‌ನ ನಿಯಮದಲ್ಲಿ ಗೋಳ ತಿರುಗಿದರೂ ನಿಂತರೂ ಸೆಳೆತ ಒಂದೇ. ಐನ್‌ಸ್ಟೈನ್‌ರ ಸಿದ್ಧಾಂತದಲ್ಲಿ ಹಾಗಲ್ಲ. ತಿರುಗುವ ವಸ್ತು ಸುತ್ತಲಿನ ದೇಶಕಾಲವನ್ನೂ ತನ್ನ ಜೊತೆ ಎಳೆಯುತ್ತದೆ. ತಿರುಗುವ ಕಪ್ಪುರಂಧ್ರಕ್ಕೆ ಈ ಲೆಕ್ಕವನ್ನು 1963ರಲ್ಲಿ ಕೊಟ್ಟವರು ನ್ಯೂಜಿಲೆಂಡ್‌ನ ರಾಯ್ ಕೆರ್.

ಇದರಿಂದ ಕಣದ ಚಲನೆಯೇ ಬದಲಾಗುತ್ತದೆ. ಸೂರ್ಯನ ಹತ್ತುಪಟ್ಟು ದ್ರವ್ಯರಾಶಿಯ ಕಪ್ಪುರಂಧ್ರ ತಿರುಗದೇ ಇದ್ದರೆ, ಸುಮಾರು 90 ಕಿ.ಮೀ.ಗಿಂತ ಹತ್ತಿರ ಸ್ಥಿರವಾದ ವೃತ್ತ ಕಕ್ಷೆ ಇಲ್ಲ. ಅದು ಸಾಧ್ಯವಿರುವ ಗರಿಷ್ಠ ವೇಗದಲ್ಲಿ ತಿರುಗುತ್ತಿದ್ದರೆ, ಅದೇ ದಿಕ್ಕಿನಲ್ಲಿ ಸುತ್ತುವ ಕಣಕ್ಕೆ ಈ ಗಡಿ ಸುಮಾರು 15 ಕಿ.ಮೀ.ಗೆ ಇಳಿಯುತ್ತದೆ, ವಿರುದ್ಧ ದಿಕ್ಕಿನ ಕಣಕ್ಕೆ 130 ಕಿ.ಮೀ. ದಾಟುತ್ತದೆ. ಅಂಚಿಗೆ ತಾಗಿದ 'ಎರ್ಗೋಸ್ಫಿಯರ್' ಎಂಬ ವಲಯದಲ್ಲಂತೂ ಯಾವ ಕಣವೂ ನಿಂತಲ್ಲೇ ನಿಲ್ಲಲಾರದು, ಕಪ್ಪುರಂಧ್ರದ ಜೊತೆ ಸುತ್ತಲೇಬೇಕು.

ಭೂಮಿಯೂ ಹೀಗೆ ಎಳೆಯುತ್ತದೆ. 2004ರಲ್ಲಿ ಹಾರಿದ ನಾಸಾದ ಗ್ರಾವಿಟಿ ಪ್ರೋಬ್ ಬಿ ಉಪಗ್ರಹ ಅದನ್ನು ಅಳೆಯಿತು. ಅಂತಿಮ ಫಲಿತಾಂಶ ಬಂದದ್ದು 2011ರಲ್ಲಿ. ಎಳೆತ ಬಹಳ ಸಣ್ಣದು, ಆದರೆ ಸೊನ್ನೆಯಲ್ಲ. ಗೆಳೆಯನ ಪ್ರಶ್ನೆ ಸರಿಯಾಗಿತ್ತು.

ಕಪ್ಪುರಂಧ್ರದ ಸುತ್ತ ಕಣದ ದಾರಿ ಲೆಕ್ಕಹಾಕಲು ಮೊದಲು ಬೇಕಾದದ್ದು ಶಕ್ತಿ ಮತ್ತು ಕೋನೀಯ ಸಂವೇಗದ ಸಂರಕ್ಷಣೆ. ನಾವು ಅಂಕಕ್ಕಾಗಿ ಬಾಯಿಪಾಠ ಮಾಡುವ ಪಾಠಗಳೇ ಅವು. ಸಿಲೆಬಸ್ಸಿಗೂ ಅವನ ಪ್ರಶ್ನೆಗೂ ನಡುವೆ ಗೋಡೆ ಕಟ್ಟಿದ್ದು ನಾನು.

ಕೆಸಿಇಟಿ, ನೀಟ್ ಮುಖ್ಯವಲ್ಲ ಎಂದು ಹೇಳುತ್ತಿಲ್ಲ. ಪಾಠ ಮುಗಿಸಬೇಕಾದ ಉಪನ್ಯಾಸಕರ ಒತ್ತಡವೂ ಗೊತ್ತು. ಆದರೆ ಪ್ರಶ್ನೆ ಕೇಳುವುದನ್ನೇ ಬಿಟ್ಟವನು ಎಷ್ಟು ಅಂಕ ಪಡೆದರೂ ವಿಜ್ಞಾನದಿಂದ ದೂರವಾಗುತ್ತಾನೆ. ಅವನನ್ನು ಸುಮ್ಮನಾಗಿಸುವುದು ಹೆಚ್ಚಾಗಿ ಉಪನ್ಯಾಸಕರಲ್ಲ, ಪಕ್ಕದ ಬೆಂಚಿನ ನಾವು.

ನನ್ನದೊಂದು ಸಲಹೆ. ಭೌತಶಾಸ್ತ್ರ ಲ್ಯಾಬಿನ ಹೊರಗೆ ಒಂದು ಬೋರ್ಡ್ ಇರಲಿ. ಎಕ್ಸಾಮ್‌ಗೆ ಬಾರದ ಪ್ರಶ್ನೆಗಳನ್ನು ಅಲ್ಲಿ ಯಾರು ಬೇಕಾದರೂ ಬರೆಯಲಿ. ಶನಿವಾರ ಹತ್ತು ನಿಮಿಷ ಒಂದು ಪ್ರಶ್ನೆಗೆ ಕೊಡೋಣ. ಮೊದಲ ಪ್ರಶ್ನೆ ನನ್ನ ಗೆಳೆಯನದು. ಅವನ ಕ್ಷಮೆ ಕೇಳಿ, ನಾನೇ ಬರೆಯುತ್ತೇನೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ