ನಿಮ್ರೂದ್‌ನ ದಂತ: ‘ಅವರೂ ಲೂಟಿ ಮಾಡಿದ್ದೇ’ ಅನ್ನೋ ವಾದದಿಂದ ಯಾರಿಗೆ ಲಾಭ?

ಪಾಶ್ಚಾತ್ಯ ಮ್ಯೂಸಿಯಂಗಳು ಹಳೇ ವಸ್ತುಗಳನ್ನು ವಾಪಸ್ ಕೊಡಬೇಕಾ ಅಂತ ಚರ್ಚೆ ಎದ್ದಾಗಲೆಲ್ಲ ಎರಡು ವಾದ ತಪ್ಪದೇ ಬರುತ್ತವೆ. ಒಂದು, ‘ಅದನ್ನು ಅವರೂ ಲೂಟಿ ಮಾಡಿದ್ದೇ’. ಇನ್ನೊಂದು, ‘ಅಲ್ಲೇ ಇದ್ದಿದ್ದರೆ ಹಾಳಾಗುತ್ತಿತ್ತು’. ಇರಾಕ್‌ನ ನಿಮ್ರೂದ್‌ನಲ್ಲಿ ಸಿಕ್ಕ ದಂತದ ಕೆತ್ತನೆಗಳಿಗೆ ಎರಡೂ ಹೊಂದುತ್ತವೆ. ಅದಕ್ಕೇ ಇವನ್ನು ಹತ್ತಿರದಿಂದ ನೋಡಬೇಕು.

ಮೋಸುಲ್ ಬಳಿಯ ನಿಮ್ರೂದ್ ಅಂದರೆ ಹಳೇ ಕಲ್ಹು. ಕ್ರಿ.ಪೂ. 9ನೇ ಶತಮಾನದಲ್ಲಿ ಅಸ್ಸೀರಿಯಾದ ರಾಜಧಾನಿ. ಇಲ್ಲಿ ಸಾವಿರಾರು ದಂತದ ತುಂಡುಗಳು ಸಿಕ್ಕಿವೆ. ಬಹುಪಾಲು ಮಂಚ, ಕುರ್ಚಿಗಳಿಗೆ ಕೂರಿಸುತ್ತಿದ್ದ ಫಲಕಗಳು. ಕರುವಿಗೆ ಹಾಲೂಡಿಸುವ ಹಸು, ಕಿಟಕಿಯಿಂದ ನೋಡುವ ಹೆಣ್ಣು, ರೆಕ್ಕೆಯ ಸಿಂಹನಾರಿ. ಕೆಲವಕ್ಕೆ ಚಿನ್ನದ ತಗಡೂ ಇತ್ತು. ಹಲವು ತುಂಡುಗಳ ಮೇಲೆ, ಯಾವುದು ಎಲ್ಲಿ ಕೂರಬೇಕು ಅಂತ ಗೀಚಿದ ಅಕ್ಷರಗಳಿವೆ, ಆನ್‌ಲೈನ್‌ನಲ್ಲಿ ತರಿಸಿದ ಟೇಬಲ್‌ನ ಪಾರ್ಟ್ ನಂಬರ್ ಥರ. ಆ ಅಕ್ಷರಗಳು ಅಸ್ಸೀರಿಯಾದ ಬೆಣೆಲಿಪಿ ಅಲ್ಲ, ಪಶ್ಚಿಮದ ಫಿನೀಷಿಯನ್, ಅರಾಮಿಕ್ ಬಳಗದ ಲಿಪಿ.

ಅಂದರೆ ಇವುಗಳಲ್ಲಿ ಹೆಚ್ಚಿನವು ಅಲ್ಲಿ ತಯಾರಾದವಲ್ಲ. ಸಿರಿಯಾ, ಫಿನೀಷಿಯಾ ಕಡೆಯಿಂದ ಕಪ್ಪವಾಗಿ, ಕೊಳ್ಳೆಯಾಗಿ ಬಂದವು. ಕ್ರಿ.ಪೂ. 701ರ ದಂಡಯಾತ್ರೆಯಲ್ಲಿ ಯೆಹೂದದ ಹಿಜ್ಕೀಯನಿಂದ ದಂತದ ಮಂಚ, ಕುರ್ಚಿ ವಸೂಲಿ ಮಾಡಿದ್ದನ್ನು ಸೆನ್ನಾಕೆರಿಬ್ ತಾನೇ ಬರೆಸಿಕೊಂಡಿದ್ದಾನೆ. ನಿಮ್ರೂದ್‌ನಲ್ಲಿ ರಾಶಿಗಟ್ಟಲೆ ಸಿಕ್ಕಿದ್ದು ಉಗ್ರಾಣಗಳಲ್ಲಿ. ಬಳಸೋಕ್ಕಿಂತ ‘ನಿಮ್ಮ ಹತ್ರ ಇರಬಾರದು’ ಅನ್ನೋದೇ ಮುಖ್ಯವಾಗಿತ್ತು ಅಂತ ನನಗನಿಸುತ್ತೆ. ಕ್ರಿ.ಪೂ. 612ರ ಹೊತ್ತಿಗೆ ಸಾಮ್ರಾಜ್ಯ ಕುಸಿದಾಗ ನುಗ್ಗಿದವರು ಚಿನ್ನ ಕಿತ್ತುಕೊಂಡು ದಂತ ಬಿಸಾಕಿ ಹೋದರು. ನಮಗೆ ಅದು ಉಳಿದದ್ದು ಹೀಗೆ.

1949ರಿಂದ ಇಲ್ಲಿ ಅಗೆದದ್ದು ಮ್ಯಾಕ್ಸ್ ಮ್ಯಾಲೊವನ್ ತಂಡ. (ಪತ್ನಿ ಅಗಾಥಾ ಕ್ರಿಸ್ಟಿ ಫೇಸ್ ಕ್ರೀಮ್ ಹಚ್ಚಿ ದಂತ ಶುಚಿ ಮಾಡ್ತಿದ್ದರು.) ಅಂದಿನ ನಿಯಮದಂತೆ ಸಿಕ್ಕಿದ್ದು ಬಾಗ್ದಾದ್‌ಗೆ ಒಂದು ಪಾಲು, ಅಗೆದವರಿಗೆ ಒಂದು ಪಾಲು. 2011ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸುಮಾರು 6,000 ತುಂಡುಗಳನ್ನು 11.7 ಲಕ್ಷ ಪೌಂಡ್‌ಗೆ ಖರೀದಿಸಿತು. ಕೊಟ್ಟದ್ದು ಇರಾಕ್ ಅಲ್ಲ, ಬ್ರಿಟನ್ನಿನದೇ ಒಂದು ಅಧ್ಯಯನ ಸಂಸ್ಥೆ. ಕಾಗದಪತ್ರ ಸರಿಯಾಗೇ ಇದೆ. ಆದರೆ ಆ ನಿಯಮ ರೂಪಿಸಿದ್ದು ಬ್ರಿಟಿಷರ ಹಿಡಿತದ ಇರಾಕ್‌ನಲ್ಲಿ ಅನ್ನೋದನ್ನು ಮರೆಯೋ ಹಾಗಿಲ್ಲ.

‘ಅಲ್ಲಿದ್ದರೆ ಹಾಳು’ ಅನ್ನೋರು 2015 ತೋರಿಸ್ತಾರೆ. ಐಸಿಸ್ ಅಶ್ಶೂರ್‌ನಾಸಿರ್‌ಪಾಲನ ಅರಮನೆಯನ್ನು ಸ್ಫೋಟಿಸಿದ್ದು ನಿಜ. ಆದರೆ 2003? ಸಿಂಹಿಣಿ ಆಳನ್ನು ಕಚ್ಚುವ ಪ್ರಸಿದ್ಧ ಫಲಕ ಜೋಡಿಯಾಗಿ ಬಾವಿಯಲ್ಲಿ ಸಿಕ್ಕಿತ್ತು. ಒಂದು ಲಂಡನ್‌ಗೆ ಹೋಯಿತು, ಒಂದು ಬಾಗ್ದಾದ್‌ನಲ್ಲಿತ್ತು. ಬಾಗ್ದಾದ್‌ನದ್ದು 2003ರ ಲೂಟಿಯಲ್ಲಿ ಹೋಯಿತು. ಸೆಂಟ್ರಲ್ ಬ್ಯಾಂಕ್ ನೆಲಮಾಳಿಗೆಯಲ್ಲಿ ಇಟ್ಟಿದ್ದ ದಂತಗಳು ನೀರಲ್ಲಿ ನೆನೆದು ಕೆಟ್ಟವು. ಆ ಯುದ್ಧಕ್ಕೆ ಅಮೆರಿಕದ ಜೊತೆ ಸೈನ್ಯ ಕಳಿಸಿದ್ದು ಬ್ರಿಟನ್.

ಇನ್ನು ‘ಅವರೂ ಲೂಟಿ ಮಾಡಿದ್ದೇ’. ಇದನ್ನು ಒಪ್ಪಿದರೆ ಲಾಭ ಯಾವಾಗಲೂ ಕೊನೆಗೆ ಕೈಲಿಟ್ಟುಕೊಂಡವನಿಗೆ, ಫಿನೀಷಿಯಾದ ಕುಶಲಕರ್ಮಿಯ ಊರಿಗಂತೂ ಅಲ್ಲ. ಐಸಿಸ್ ಧ್ವಂಸ ಮಾಡಿದ್ದ ಮೋಸುಲ್ ಮ್ಯೂಸಿಯಂ ಮತ್ತೆ ಕಟ್ಟುವ ಕೆಲಸಕ್ಕೆ ಫ್ರಾನ್ಸಿನ ಲೂವ್ರ್, ಅಮೆರಿಕದ ಸ್ಮಿತ್‌ಸೋನಿಯನ್ ಕೈಜೋಡಿಸಿವೆ. ಲಂಡನ್ನಿನ 6,000ದಲ್ಲಿ ಎಷ್ಟು ತುಂಡು, ಯಾವ ವರ್ಷ ಅಲ್ಲಿಗೆ ಹೋಗುತ್ತವೆ ಅಂತ ಬ್ರಿಟಿಷ್ ಮ್ಯೂಸಿಯಂ ಹೇಳಲಿ.