ಬಿಸಿನೀರಿನ ಪೈಪಿನ ಗಾಳಿಗೆ ಹೊಣೆ ಯಾರು?

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್‌ಗಳಿಂದ ಹಿಡಿದು ಪೀಣ್ಯದ ಸುತ್ತಲಿನ ಬಾಡಿಗೆ ಮನೆಗಳವರೆಗೆ ಪ್ಲಂಬರ್‌ಗಳ ಕಿವಿಗೆ ಬೀಳುವ ಮಾಮೂಲಿ ದೂರೊಂದಿದೆ: ತಾರಸಿಯ ಸೋಲಾರ್ ಟ್ಯಾಂಕಿನಲ್ಲಿ ನೀರು ಕಾದಿದೆ, ಬಚ್ಚಲಿನ ನಲ್ಲಿಗೆ ಮಾತ್ರ ಬರುತ್ತಿಲ್ಲ. 'ಏರ್ ಲಾಕ್ ಆಗಿದೆ' ಎನ್ನುವ ಪ್ಲಂಬರ್, ಮಿಕ್ಸರ್‌ನ ಬಾಯನ್ನು ಅಂಗೈಯಲ್ಲಿ ಒತ್ತಿಹಿಡಿದು ಎರಡೂ ಕಡೆ ತೆರೆಯುತ್ತಾರೆ. ಒತ್ತಡ ಸಾಕಷ್ಟಿದ್ದರೆ ತಣ್ಣೀರು ಬಿಸಿನೀರಿನ ಪೈಪಿಗೆ ಹಿಮ್ಮುಖವಾಗಿ ನುಗ್ಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮತ್ತೆ ಟ್ಯಾಂಕ್ ಖಾಲಿಯಾದ ದಿನ ಅದೇ ಪಾಡು. ಇದು ಸೋಲಾರ್‌ನ ಹುಟ್ಟುಗುಣ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ವಾಸ್ತವದಲ್ಲಿ ಇದು ಬಹುಮಟ್ಟಿಗೆ ಪೈಪ್ ಎಳೆದ ರೀತಿಯ ದೋಷ. ಅದನ್ನು ಮನೆ ಹಸ್ತಾಂತರಿಸುವ ಮೊದಲೇ ಸರಿಪಡಿಸುವ ಹೊಣೆ ಕಟ್ಟಿದವರದಾಗಬೇಕು.

ನೀರು ಬಿಸಿಯಾದಂತೆ ಅದರಲ್ಲಿ ಕರಗಿದ್ದ ಗಾಳಿ ಹೊರಬರುತ್ತದೆ. ಟ್ಯಾಂಕ್ ಬರಿದಾದಾಗ ಪೈಪಿನೊಳಗೂ ಗಾಳಿ ತುಂಬುತ್ತದೆ. ಕಾವೇರಿ ನೀರು ದಿನವಿಡೀ ಬಾರದ, ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನೆಚ್ಚಿದ ಬಡಾವಣೆಗಳಲ್ಲಿ ಟ್ಯಾಂಕ್ ಬರಿದಾಗುವುದು ಅಪರೂಪವಲ್ಲ. ಪೈಪ್ ಟ್ಯಾಂಕಿನಿಂದ ನಲ್ಲಿಯವರೆಗೆ ಒಂದೇ ಸಮನೆ ಇಳಿಜಾರಾಗಿದ್ದರೆ ಈ ಗಾಳಿ ತಾನಾಗಿಯೇ ಮೇಲೇರಿ ಹೋಗುತ್ತದೆ. ಪೈಪ್ ತಾರಸಿಯಲ್ಲಿ ಪ್ಯಾರಾಪೆಟ್ ಗೋಡೆಯನ್ನೋ ಇನ್ನೊಂದು ಪೈಪನ್ನೋ ಹತ್ತಿ ಇಳಿದಿದ್ದರೆ ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ತಳ್ಳಲು ನೀರಿಗಿರುವ ಬಲ ಬಲು ಕಡಿಮೆ: 1 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ 0.1 ಕಿಲೋಗ್ರಾಂ ಮಾತ್ರ. ಟ್ಯಾಂಕಿಗೆ ತೀರ ಹತ್ತಿರವಿರುವ ಮೇಲಿನ ಮಹಡಿಯಲ್ಲೇ ಬಿಸಿನೀರು ಮೊದಲು ಕೈಕೊಡುವುದು ಇದೇ ಕಾರಣಕ್ಕೆ. ಪಂಪ್ ಇಲ್ಲದ ಸೋಲಾರ್‌ನಲ್ಲಿ ಪ್ಯಾನೆಲ್‌ನಿಂದ ಟ್ಯಾಂಕಿಗೆ ನೀರು ಸುತ್ತುವ ಬಲವಂತೂ ಇನ್ನೂ ಕ್ಷೀಣ. 60 ಡಿಗ್ರಿಯ ನೀರು 25 ಡಿಗ್ರಿಯ ನೀರಿಗಿಂತ ಹಗುರವಾಗಿರುವುದು ಸುಮಾರು ಶೇ 1.4ರಷ್ಟು ಮಾತ್ರ. ಅಷ್ಟರ ಮೇಲೆ ನಡೆಯುವ ಸುತ್ತಾಟವನ್ನು ನಿಲ್ಲಿಸಲು ಸಣ್ಣದೊಂದು ಗಾಳಿಗುಳ್ಳೆ ಸಾಕು.

ಪರಿಹಾರವೇನೂ ಗುಟ್ಟಲ್ಲ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿಗಿಂತ ಮೇಲಿರಬೇಕು, ಬಿಸಿನೀರಿನ ಪೈಪಿನಲ್ಲಿ ಗೂನು ಇರಬಾರದು, ಅತಿ ಎತ್ತರದ ಜಾಗದಿಂದ ವೆಂಟ್ ಪೈಪೊಂದು ತಣ್ಣೀರಿನ ಮಟ್ಟಕ್ಕಿಂತ ಮೇಲೆದ್ದು ಬಾಯಿ ತೆರೆದು ನಿಲ್ಲಬೇಕು. ಯುರೋಪಿನ ಚಳಿ ದೇಶಗಳಲ್ಲಿ ನೆಲದಡಿ ಬಿಸಿನೀರು ಹರಿಸಿ ಮನೆ ಬೆಚ್ಚಗಿಡುವ ವ್ಯವಸ್ಥೆಯಲ್ಲಿ ಗಾಳಿ ಬಿಡುವ ವಾಲ್ವ್ ಮೊದಲೇ ಇರುತ್ತದೆ. ಪೈಪಿನ ಒಂದೊಂದೇ ಸುರುಳಿಗೆ ನೀರು ಹಾಯಿಸಿ ಗಾಳಿ ತೆಗೆಯುವುದು ಅಲ್ಲಿ ಚಾಲೂ ಮಾಡುವ ಕ್ರಮದ ಭಾಗವೇ ಆಗಿದೆ. ನಮ್ಮಲ್ಲಿ ಗಮನವೆಲ್ಲ ಪ್ಯಾನೆಲ್ ಮೇಲೆ. ರಾಜ್ಯ ಸರ್ಕಾರ 2007ರಲ್ಲಿ ನಗರದ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಬೆಸ್ಕಾಂ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯನ್ನೂ ಗೊತ್ತುಮಾಡಿತು. ಫ್ಲಾಟ್ ಪ್ಲೇಟ್ ಪ್ಯಾನೆಲ್‌ಗೆ ಐಎಸ್ 12933 ಎಂಬ ಮಾನಕವಿದೆ. ಆದರೆ ತಾರಸಿಯ ಮೇಲೆ ಪ್ಯಾನೆಲ್ ಇದೆಯೇ ಎಂದು ನೋಡುವಷ್ಟು ಸಲೀಸಾಗಿ, ಆ ನೀರು ಬಚ್ಚಲಿಗೆ ಇಳಿಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ಪ್ಲಂಬರ್ ಬಂದು ಅರ್ಧ ಗಂಟೆಯಲ್ಲಿ ಬಗೆಹರಿಸುವ ಕಿರಿಕಿರಿಗೆ ಇಷ್ಟು ಮಾತೇಕೆ ಎಂದು ಕೇಳಬಹುದು. ಬಿಸಿನೀರು ಬಾರದ ಮನೆಯಲ್ಲಿ ಮೊದಲು ಆಗುವುದು ಗೀಸರ್ ಸ್ವಿಚ್ ಹಾಕುವುದು. ಅಲ್ಲಿಗೆ ಸೋಲಾರ್‌ಗೆ ಹಾಕಿದ ಹಣವೂ ಕರೆಂಟ್ ಉಳಿಸುವ ಉದ್ದೇಶವೂ ಒಟ್ಟಿಗೆ ಮಣ್ಣುಪಾಲು. ಮತ್ತೆ, ಇವತ್ತು ಬಂದೀತು ಎಂದು ನಲ್ಲಿ ಬಿಟ್ಟು ಕಾಯುವಾಗ ಹರಿದುಹೋಗುವ ನೀರೂ ಕಡಿಮೆಯಲ್ಲ. 2 ಸೆಂಟಿಮೀಟರ್ ಒಳವ್ಯಾಸದ 30 ಮೀಟರ್ ಪೈಪಿನಲ್ಲಿ ಒಂಬತ್ತು ಲೀಟರಿಗೂ ಹೆಚ್ಚು ನೀರು ನಿಂತಿರುತ್ತದೆ. ಹಾಗಾದರೆ ಗೀಸರನ್ನೇ ನೆಚ್ಚಿಕೊಳ್ಳೋಣ ಎನ್ನುವುದು ಇನ್ನೊಂದು ವಾದ. ಮಳೆಗಾಲದಲ್ಲಿ ಗೀಸರ್ ಬೇಕೇ ಬೇಕು, ನಿಜ. ಆದರೆ ವರ್ಷದ ಹೆಚ್ಚು ತಿಂಗಳು ಬಿಸಿಲಿರುವ ಊರಲ್ಲಿ ಪೈಪಿನ ದೋಷಕ್ಕಾಗಿ ಬಿಸಿಲನ್ನು ಬಿಟ್ಟುಕೊಡುವುದು ಜಾಣತನವಲ್ಲ. ವೆಂಟ್ ಪೈಪಿನಿಂದ ನೀರು ಸೋರುತ್ತದೆ ಎಂದು ಅದರ ಬಾಯಿಗೆ ಮುಚ್ಚಳ ಹಾಕುವವರಿದ್ದಾರೆ. ಸದಾ ಸೋರುತ್ತಿದ್ದರೆ ಅದರ ಎತ್ತರ ಸಾಲದು ಎಂದೇ ಅರ್ಥ. ಮುಚ್ಚಿದರೆ ಆವಿಗೆ ಹೊರದಾರಿ ಇರುವುದಿಲ್ಲ, ನೀರು ಇಳಿಯುವಾಗ ಒಳಗೆ ಗಾಳಿ ಬಾರದೆ ಟ್ಯಾಂಕಿನ ತೆಳು ತಗಡು ಒಳಕ್ಕೆ ಕುಸಿಯಲೂಬಹುದು.

ಹೊಸ ನಿಯಮವೆಂದರೆ ಇನ್ನೊಂದು ಸಹಿ, ಇನ್ನೊಂದು ಲಂಚ ಎಂಬ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಅದಕ್ಕೇ ಈ ಕೆಲಸಕ್ಕೆ ಇನ್‌ಸ್ಪೆಕ್ಟರ್ ಬೇಡ. ಕೀ ಕೊಡುವ ಮುನ್ನ ಕೊಳ್ಳುವವರ ಎದುರು ಟ್ಯಾಂಕ್ ಬರಿದು ಮಾಡಿ, ಮತ್ತೆ ತುಂಬಿಸಿ, ಯಾರೂ ಪೈಪ್ ಮುಟ್ಟದೆ ಪ್ರತಿ ಬಿಸಿನೀರಿನ ನಲ್ಲಿಗೂ ನೀರು ಬರುತ್ತದೆಯೇ ಎಂದು ತೋರಿಸಲಿ. ಪೈಪ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ನಕ್ಷೆಯನ್ನು ಕಾಗದಪತ್ರಗಳ ಜೊತೆ ಕೊಡಲಿ. ಮಾರಾಟದ ಕರಾರಿನಲ್ಲಿ ಇದಕ್ಕೆರಡು ಸಾಲು ಸಾಕು. ಹಳೆಯ ಕಟ್ಟಡಗಳಲ್ಲಿ ನಿವಾಸಿಗಳ ಸಂಘಗಳು ಪ್ರತಿ ಮನೆಗೂ ಪ್ಲಂಬರನ್ನು ಕರೆಸುವ ಬದಲು ಒಮ್ಮೆ ತಾರಸಿ ಹತ್ತಿ ಗೂನು ಎಲ್ಲಿದೆ, ವೆಂಟ್ ಎಷ್ಟು ಎತ್ತರವಿದೆ ಎಂದು ನೋಡಲಿ. ಸೋಲಾರ್ ಕಡ್ಡಾಯ ಎಂದು ಹೇಳಿದ ಸರ್ಕಾರ, ಬಿಸಿನೀರು ನಲ್ಲಿಗೆ ಬರುವುದೂ ಆ ಕಡ್ಡಾಯದ ಭಾಗವೆಂದು ಸ್ಪಷ್ಟಪಡಿಸಿದರೆ, ಮೊದಲ ದಿನವೇ ಮುಗಿಸಬೇಕಾದ ಕೆಲಸಕ್ಕೆ ನಿವಾಸಿಗಳು ವರ್ಷಗಟ್ಟಲೆ ದುಡ್ಡು ತೆರುವುದು ತಪ್ಪುತ್ತದೆ.