ಕೊಟ್ಟು ಬದುಕುವ ಜೀವಾಣು

ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇನ್ಯುಲಿನ್ ಎಂಬ ಸಂಕೀರ್ಣ ಸಕ್ಕರೆ ಇದೆ. ಫ್ರಕ್ಟೋಸ್ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ ಅದು. ಆ ಕೊಂಡಿ ಬಿಡಿಸುವ ಕಿಣ್ವ ಮನುಷ್ಯನ ದೇಹದಲ್ಲಿ ತಯಾರಾಗುವುದಿಲ್ಲ. ಹಾಗಾಗಿ ಜಠರ, ಸಣ್ಣ ಕರುಳು ಎಲ್ಲವನ್ನೂ ದಾಟಿ ಅದು ಹೆಚ್ಚುಕಡಿಮೆ ಇಡಿಯಾಗಿಯೇ ದೊಡ್ಡ ಕರುಳಿಗೆ ಬರುತ್ತದೆ. ನಮಗೆ ದಕ್ಕದ ಈ ಊಟಕ್ಕೆ ಅಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಕಾದಿರುತ್ತವೆ.

ಇಷ್ಟೊಂದು ಬಾಯಿಗಳು ಒಂದೆಡೆ ಸೇರಿದ ಮೇಲೆ ಕಿತ್ತಾಟವೇ ನಿಯಮ ಎಂದು ಸುಲಭವಾಗಿ ಅಂದುಕೊಳ್ಳುತ್ತೇವೆ. ಕಿತ್ತಾಟ ಇದೆ ಕೂಡ. ಆದರೆ 2016ರಲ್ಲಿ ಸೇಥ್ ರಾಕಾಫ್-ನಹೂಮ್, ಕೆವಿನ್ ಫಾಸ್ಟರ್, ಲಾರಿ ಕಾಮ್‌ಸ್ಟಾಕ್ ಮೂವರೂ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ನನ್ನ ಆ ನಂಬಿಕೆ ಸಡಿಲಾಯಿತು.

ಅವರು ಹಿಡಿದು ನೋಡಿದ್ದು ಬ್ಯಾಕ್ಟೀರಾಯ್ಡಿಸ್ ಓವೇಟಸ್ ಎಂಬ ಕರುಳಿನ ಜೀವಾಣುವನ್ನು. ಇದು ಇನ್ಯುಲಿನ್ ಕತ್ತರಿಸುವ ಎರಡು ಕಿಣ್ವಗಳನ್ನು ತನ್ನ ಮೈಯ ಹೊರಗೆ ಕಳಿಸುತ್ತದೆ. ಕತ್ತರಿಸಿದ ತುಣುಕುಗಳು ಸುತ್ತಲೂ ಚೆಲ್ಲುತ್ತವೆ, ಯಾರು ಬೇಕಾದರೂ ಬಂದು ತಿನ್ನಬಹುದು. ವಿಜ್ಞಾನಿಗಳು ಆ ಕಿಣ್ವಗಳ ಜೀನ್‌ಗಳನ್ನೇ ಅಳಿಸಿದರು. ಓವೇಟಸ್ ಉಪವಾಸ ಬೀಳಲಿಲ್ಲ. ಇನ್ಯುಲಿನ್ ತಿಂದು ಚೆನ್ನಾಗಿಯೇ ಬೆಳೆಯಿತು. ಹೊರಗಿನ ಆ ಕಿಣ್ವಗಳು ಅದರ ಸ್ವಂತ ಊಟಕ್ಕೆ ಬೇಕೇ ಇರಲಿಲ್ಲ. ಖರ್ಚು ತನ್ನದು, ತುತ್ತು ಇನ್ನೊಬ್ಬರದು!

ಇಂಥ ದುಂದನ್ನು ವಿಕಾಸ ಏಕೆ ಉಳಿಸಿಕೊಂಡಿತು? ಉತ್ತರ ನೆರೆಮನೆಯಲ್ಲಿ ಸಿಕ್ಕಿತು. ಬ್ಯಾಕ್ಟೀರಾಯ್ಡಿಸ್ ವಲ್ಗೇಟಸ್ ಇನ್ಯುಲಿನ್ ಅನ್ನು ತಾನೇ ಒಡೆಯಲಾರದು, ತುಣುಕು ಸಿಕ್ಕರೆ ಬೆಳೆಯುತ್ತದೆ. ಎರಡನ್ನೂ ಒಟ್ಟಿಗೆ ಬೆಳೆಸಿದಾಗ ಕೊಟ್ಟ ಓವೇಟಸ್‌ಗೂ ಲಾಭವಾಯಿತು. ಬೇರೆ ಸೂಕ್ಷ್ಮಜೀವಿಗಳಿಲ್ಲದಂತೆ ಸಾಕಿದ ಇಲಿಗಳ ಕರುಳಲ್ಲೂ ಇದೇ ಕಂಡಿತು. ನಮ್ಮ ಹಳ್ಳಿಗಳಲ್ಲಿ ಸುಗ್ಗಿಯ ಕಣದಲ್ಲೇ ಬಡಗಿ, ಕಮ್ಮಾರ ಮೊದಲಾದ ಆಯಗಾರರಿಗೆ ರಾಶಿಯಿಂದ ಆಯ ಅಳೆದು ಕೊಡುತ್ತಿದ್ದರು. ವರ್ಷವಿಡೀ ರೈತನ ನೇಗಿಲು, ಕುಳ ಸುಸ್ಥಿತಿಯಲ್ಲಿರುತ್ತಿದ್ದವು. ಓವೇಟಸ್ ಅಳೆಯುವುದೂ ಅಂಥದೇ ಆಯ.

ಎಲ್ಲ ಜೀವಾಣುಗಳೂ ಹೀಗಿಲ್ಲ. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಅತಿ ಹೆಚ್ಚಿರುವ ಘನಾಂಶವೆಂದರೆ ಮಗುವಿಗೇ ಜೀರ್ಣವಾಗದ ಸಂಕೀರ್ಣ ಸಕ್ಕರೆಗಳು. ಬೈಫಿಡೋಬ್ಯಾಕ್ಟೀರಿಯಂ ಇನ್ಫ್ಯಾಂಟಿಸ್ ಅವನ್ನು ಇಡಿಯಾಗಿ ಒಳಗೆಳೆದುಕೊಂಡು ತಿನ್ನುತ್ತದೆ. ಅದರದೇ ಬಂಧು ಬೈಫಿಡಮ್ ಹೊರಗೇ ಒಡೆದು, ಒಂದಿಷ್ಟನ್ನು ಬಳಗದವರಿಗೆ ಬಿಡುತ್ತದೆ. ಹಾಲೂಡಿಸುವ ತಾಯಿ ಮಗುವಿನ ಜೊತೆಗೆ ಈ ಸಂಸಾರವನ್ನೂ ಸಾಕುತ್ತಾಳೆ ಎಂಬುದು ನನಗೆ ಇಂದಿಗೂ ಬೆರಗು.

‘ಒಳ್ಳೆಯ ಬ್ಯಾಕ್ಟೀರಿಯಾ’ವನ್ನು ಗುಳಿಗೆಯಲ್ಲಿ ನುಂಗಿದರೆ ಸಾಕೆನ್ನುವ ಈಗಿನ ಉತ್ಸಾಹ ನನಗೆ ಅರ್ಧ ಮಾತಿನಂತೆ ತೋರುತ್ತದೆ. ಜೊತೆಗಾರರಿಲ್ಲದೆ, ಅವರೆಲ್ಲ ಹಂಚಿಕೊಳ್ಳಬೇಕಾದ ಇನ್ಯುಲಿನ್‌ನಂಥ ನಾರೂ ಇಲ್ಲದೆ ಆ ಒಂಟಿ ಜೀವ ಎಷ್ಟು ದಿನ ನಿಂತೀತು? 2016ರಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ ಮನುಷ್ಯನ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ಅವಕ್ಕೆ ನಾರಿಲ್ಲದ ಆಹಾರ ಕೊಟ್ಟು ನೋಡಿದರು. ಕರುಳಿನ ಗೋಡೆಯನ್ನು ಕಾಯುವ ಲೋಳೆಯಲ್ಲೂ ಸಕ್ಕರೆಯ ಸರಪಳಿಗಳಿವೆ. ಹಸಿದ ಬ್ಯಾಕ್ಟೀರಿಯಾಗಳು ಅದನ್ನೇ ಮೇಯತೊಡಗಿದವು. ಪದರ ತೆಳುವಾಯಿತು. ಸಿಟ್ರೋಬ್ಯಾಕ್ಟರ್ ಎಂಬ ರೋಗಾಣುವನ್ನು ಬಿಟ್ಟಾಗ, ನಾರು ತಿಂದ ಇಲಿಗಳಿಗಿಂತ ಇವು ಬಹಳ ಹೆಚ್ಚು ನರಳಿದವು.